ಕಿವಿಯಿಂದ ಪೋಕರ್ ಆಡಿದ ಕಾಕು

ಇಸ್ಪೀಟು ಆಡಲು ಕೂತರೆ ಕಾಕು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಾಂತಾಕ್ರೂಜ್‌ನಲ್ಲಿದ್ದ ನಮ್ಮ ಹೋಟೆಲಿನ ಬೇಸ್‌ಮೆಂಟ್ ಕ್ಯಾಂಟೀನಿನಲ್ಲಿ, ಮೂಲೆಯ ಗೋಡೆಗೆ ಬೆನ್ನು ಕೊಟ್ಟು, ಐದು ಎಲೆಗಳನ್ನು ಎದೆಗೆ ಒತ್ತಿಕೊಂಡು, ಎದುರಿಗೆ ತೂಗುಹಾಕಿದ್ದ ‘ಊಟಕ್ಕೆ ಮುಂಚೆ ಕೈ ತೊಳೆಯಿರಿ’ ಎಂಬ ಫಲಕವನ್ನೇ ನೋಡುತ್ತ ಕೂರುತ್ತಿದ್ದರು. ಪಾಪ, ಈ ಹೆಂಗಸಿಗೆ ಆಟದಲ್ಲಿ ಮನಸ್ಸಿಲ್ಲ ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೊಸಬರ ಮುಂದಿದ್ದದ್ದೆಲ್ಲ ಕಾಕುವಿನ ಮುಂದೆ ಬಂದು ಬಿದ್ದಿರುತ್ತಿತ್ತು.

ಆ ಕಾಕು ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದದ್ದು ಹಳೇ ಸ್ಟಾಫಿನ ವಾಟ್ಸಾಪ್ ಗುಂಪಿನಲ್ಲಿ. ಒಂದರ ಹಿಂದೊಂದು ಕೈಮುಗಿಯುವ ಚಿತ್ರಗಳು ಬಂದವು. ನಡುವೆ ಯಾರೋ ಅವರ ಪೂರ್ತಿ ಹೆಸರು ಬರೆದರೆ, ಇನ್ಯಾರೋ ‘ಯೇ ಕೌನ್ ಹೈ’ ಎಂದು ಕೇಳಿದರು. ‘ಅರೇ, ಅಪ್ನೀ ಕಾಕು’ ಎಂಬ ಉತ್ತರ ಬಂದ ಮೇಲೆಯೇ ಎಲ್ಲರಿಗೂ ತಿಳಿದದ್ದು. ಬೆಲ್‌ಬಾಯ್‌ನಿಂದ ಹಿಡಿದು ಜನರಲ್ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಕಾಕುವೇ, ಅಂದರೆ ಚಿಕ್ಕಮ್ಮ. ಹೆಸರು ಹೇಳಿದರೆ ಬೇರೆ ಯಾರನ್ನೋ ಕುರಿತು ಬರೆದ ಹಾಗಾಗುತ್ತದೆ. ಹಾಗಾಗಿ ನಾನೂ ಹೇಳುವುದಿಲ್ಲ.

ಕಾಕು ಗದಗದ ಕಡೆಯವರು. ಮದುವೆಯಾಗಿ ಮುಂಬೈಗೆ ಬಂದು, ಗಂಡನನ್ನು ಬೇಗ ಕಳೆದುಕೊಂಡು, ಫೋರ್ಟಿನ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆದವರು. ಇಂಗ್ಲಿಷನ್ನು ಫೋನಿನಲ್ಲಿ ಕೇಳಿಕೇಳಿಯೇ ಕಲಿತರಂತೆ. ಪೋಕರ್ ಕಲಿತದ್ದೂ ಅಲ್ಲಿಯೇ. ಮಧ್ಯಾಹ್ನದ ಹೊತ್ತು ಹಡಗಿನ ಅಧಿಕಾರಿಗಳು ಆಫೀಸಿನ ಹಿಂದಿನ ಕೋಣೆಯಲ್ಲಿ ಆಡುತ್ತಿದ್ದರು. ಕೆಳಗಿನ ಉಡುಪಿ ಹೋಟೆಲಿನಿಂದ ಅವರಿಗೆ ಕಾಫಿ ತರಿಸಿಕೊಡುವುದು ಈಕೆಯ ಕೆಲಸ. ಒಂದು ದಿನ ಆಟಕ್ಕೆ ಒಬ್ಬರು ಕಡಿಮೆಯಾದರು. ‘ನೀವು ಕೂಡ್ರಿ ಅಂದ್ರು, ಕೂತೆ. ಎದ್ದಾಗ ಆ ಕ್ಯಾಪ್ಟನ್‌ಗಳ ಮುಖ ನೋಡಬೇಕಾಗಿತ್ತು ತಂಗಿ!’ ಎಂದು ಅವರು ನಗುತ್ತಿದ್ದುದು ಈಗಲೂ ನನ್ನ ಕಿವಿಯಲ್ಲಿದೆ. ಆ ಕಂಪನಿ ಮುಚ್ಚಿದ ಮೇಲೆ ಅವರು ನಮ್ಮ ಹೋಟೆಲಿಗೆ ಬಂದದ್ದು.

ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಎಲ್ಲರಿಗಿಂತ ಹಳಬರು. ನಮ್ಮ ಟೆಲಿಫೋನ್ ಇಲಾಖೆಗೆ ‘ಬೋರ್ಡು’ ಎಂದು ಹೆಸರು. ಕಿಟಕಿಯಿಲ್ಲದ ಒಂದು ಕೋಣೆ, ಮೂರು ಕುರ್ಚಿ, ಮೂರು ಹೆಡ್‌ಸೆಟ್. ಯಾವುದೇ ರೂಮಿನಿಂದ ಫೋನ್ ಬಂದರೂ ರೂಮ್ ನಂಬರು ಮುಂದಿನ ಪರದೆಯಲ್ಲಿ ಬೆಳಗುತ್ತದೆ. ಬೆಳಗಿನ ಪಾಳಿಯಲ್ಲಿ ಕಾಕು, ಉಡುಪಿ ಕಡೆಯ ಶೆಟ್ಟಿ, ಮತ್ತು ನಾನು. ಶೆಟ್ಟಿ ಆಗಲೇ ಪರ್ಮನೆಂಟ್. ನಾನು ಮೈಸೂರಿನಿಂದ ಅಪ್ಪನ ವರ್ಗಾವಣೆಯ ಜತೆ ಮುಲುಂಡ್‌ಗೆ ಬಂದು, ಡಿಗ್ರಿ ಮುಗಿಸಿ, ವರ್ಷವರ್ಷಕ್ಕೆ ಕಾಂಟ್ರಾಕ್ಟ್ ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿದ್ದವಳು. ಅಪ್ಪ ನಿವೃತ್ತರಾಗಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ.

ಕಾಕುವಿಗೆ ಮೂರು ದನಿಗಳಿದ್ದವು. ಗೆಸ್ಟುಗಳಿಗೆ ಒಂದು, ಎಷ್ಟು ನಯವೆಂದರೆ ಹೊಸ ಗೆಸ್ಟುಗಳು ಅದನ್ನು ಇಪ್ಪತ್ತೈದರ ಹುಡುಗಿಯದೆಂದುಕೊಳ್ಳುತ್ತಿದ್ದರು. ಮ್ಯಾನೇಜರುಗಳಿಗೆ ಒಂದು, ಇಸ್ತ್ರಿ ಹಾಕಿದಂಥದ್ದು. ಹೆಡ್‌ಸೆಟ್ ಕೆಳಗಿಟ್ಟ ಮೇಲೆ ನಮಗೆ ಒಂದು, ಗದಗದಿಂದ ನೇರವಾಗಿ ಬಂದದ್ದು. ಹಣೆಯ ತುಂಬ ಕುಂಕುಮ ಇಡುತ್ತಿದ್ದರು. ವಿಧವೆಯಲ್ಲವೇ ಎಂದು ನಮ್ಮವರೇ ಕೆಲವರು ಹಿಂದಿನಿಂದ ಪಿಸುಗುಟ್ಟಿದ್ದುಂಟು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಒಬ್ಬ ಎಚ್ಆರ್ ಹುಡುಗಿ ಬಂದು, ಯೂನಿಫಾರ್ಮಿನ ನಿಯಮದಂತೆ ಬಿಂದಿ ಸಣ್ಣದಿರಬೇಕು ಎಂದಳು. ಕಾಕು ಬಹಳ ವಿನಯದಿಂದ, ‘ಬೇಟಾ, ಫೋನ್ ಪೇ ದಿಖತಾ ಹೈ ಕ್ಯಾ?’ ಫೋನಿನಲ್ಲಿ ಇದು ಕಾಣುತ್ತದೆಯೇ ಎಂದು ಕೇಳಿದರು. ಆ ಹುಡುಗಿ ಮತ್ತೆ ನಮ್ಮ ಕೋಣೆಗೆ ಬಂದ ನೆನಪಿಲ್ಲ.

ಮೂರು ಗಂಟೆಗೆ ಪಾಳಿ ಮುಗಿದ ಮೇಲೆ ಒಂದು ತಾಸು ನಮ್ಮ ಪೋಕರ್. ಗೊತ್ತಿಲ್ಲದವರಿಗೆ ಸುಮ್ಮನೆ ಹೇಳುತ್ತೇನೆ. ಒಬ್ಬೊಬ್ಬರಿಗೆ ಐದು ಎಲೆ. ಬೇಡವಾದ ಎಲೆಗಳನ್ನು ಒಂದು ಸಲ ಬದಲಾಯಿಸಿಕೊಳ್ಳಬಹುದು. ಆಮೇಲೆ ಪಣ ಏರಿಸುತ್ತ ಹೋಗುವುದು. ಕೊನೆಗೆ ಎಲೆ ತೋರಿಸಿದಾಗ ಯಾರದು ದೊಡ್ಡದೋ ಅವರು ಗೆದ್ದರು. ಆದರೆ ಏರಿದ ಪಣಕ್ಕೆ ಹೆದರಿ ಉಳಿದವರೆಲ್ಲ ಎಲೆ ಕೆಳಗಿಟ್ಟುಬಿಟ್ಟರೆ, ಕೈಯಲ್ಲಿ ಕಸ ಹಿಡಿದವರೂ ಗೆಲ್ಲಬಹುದು. ಎಲೆ ತೋರಿಸಬೇಕಾದದ್ದೂ ಇಲ್ಲ. ಇಲ್ಲದ್ದನ್ನು ಇದೆ ಎಂದು ನಂಬಿಸುವುದಕ್ಕೆ ಬ್ಲಫ್ ಅನ್ನುತ್ತಾರೆ.

ಹೋಟೆಲಿನಲ್ಲಿ ದುಡ್ಡಿಟ್ಟು ಆಡಿದರೆ ಕೆಲಸ ಹೋಗುತ್ತಿತ್ತು. ಅದಕ್ಕೇ ನಮ್ಮ ಪಣ ಸಕ್ಕರೆ ಪುಡಿಕೆ. ಬಿಳಿಯದಕ್ಕೆ ಒಂದು ಬೆಲೆ, ಕಂದು ಸಕ್ಕರೆಗೆ ಅದರ ಐದು ಪಟ್ಟು. ಸಕ್ಕರೆಗೆ ಯಾರು ಅಳುತ್ತಾರೆ ಅನ್ನಬೇಡಿ. ಎಲ್ಲರಿಗಿಂತ ಮೊದಲು ಪುಡಿಕೆ ಖಾಲಿಯಾದವರು ಯಾರಿಗೂ ಬೇಡದ ಡ್ಯೂಟಿ ಮಾಡಬೇಕಿತ್ತು. ಡ್ಯೂಟಿ ಹಂಚುತ್ತಿದ್ದವರು ಕಾಕುವೇ ಆದ್ದರಿಂದ ಈ ಏರ್ಪಾಡು ಸಾಧ್ಯವಾಗಿತ್ತು. ಗಣೇಶ ಚತುರ್ಥಿಯ ಬೆಳಗ್ಗೆ, ದೀಪಾವಳಿಯ ಬೆಳಗ್ಗೆ ಬೋರ್ಡಿನಲ್ಲಿ ಯಾರು ಕೂರಬೇಕೆಂಬುದು ಆ ಕ್ಯಾಂಟೀನಿನ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು.

ನಾನು ಆಟ ಕಲಿತ ಹೊಸದರಲ್ಲಿ ಬ್ಲಫ್ ಮಾಡಿದ್ದೇ ಮಾಡಿದ್ದು. ಸುಳ್ಳು ಹೇಳಿ ಗೆಲ್ಲಬಹುದಾದರೆ ನಿಜದ ಎಲೆಗೆ ಯಾಕೆ ಕಾಯಬೇಕು ಅನ್ನುವ ವಯಸ್ಸು. ಪ್ರತಿ ಸಲವೂ ಕಾಕು ಫಲಕದ ಮೇಲಿಂದ ಕಣ್ಣು ತೆಗೆಯದೆ, ‘ತೋರಸು ತಂಗಿ’ ಎನ್ನುತ್ತಿದ್ದರು. ತೋರಿಸಿದರೆ ನನ್ನ ಹತ್ತಿರ ಒಂದು ಜೋಡಿಯೂ ಇರುತ್ತಿರಲಿಲ್ಲ. ಒಂದು ದಿನ ರೇಗಿ ಕೇಳಿಬಿಟ್ಟೆ.

‘ಕಾಕೂ, ನೀವು ನನ್ನ ಮುಖಾನೂ ನೋಡಲ್ಲ. ಹೇಗೆ ಗೊತ್ತಾಗತ್ತೆ ನಿಮಗೆ?’

‘ಮುಖ ಯಾಕ ನೋಡಬೇಕವಾ? ಮುಖಾ ಎಲ್ಲಾರೂ ತಿದ್ದಕೋತಾರ. ನೀ ಸುಳ್ಳ ಆಡೂ ಮುಂದ “ಐದು ಪುಡಕಿ” ಅನ್ನೂದನ್ನ ಲಗೂನ ಅಂತಿ, ಬಿಸಿ ಪಾತೇಲಿ ಇಳಿಸಿದಂಗ. ಖರೇ ಎಲಿ ಇದ್ದಾಗ ಸಾವಕಾಶ ಅಂತಿ.’

‘ಇನ್ಮೇಲೆ ನಿಧಾನವಾಗಿ ಹೇಳ್ತೀನಿ.’

‘ಹೇಳು. ಅದೂ ಕೇಳಸ್ತೈತಿ.’

ಬದಿಯಲ್ಲಿ ಕೂತಿದ್ದ ಶೆಟ್ಟಿ, ‘ಇವರ ಹತ್ರ ಆಡ್ಲಿಕ್ಕೆ ಮೂಗರೇ ಆಗ್ಬೇಕು ಮಾರಾಯ್ತಿ’ ಎಂದು ತಮ್ಮ ಎಲೆಗಳನ್ನು ಎಸೆದರು.

ಇಷ್ಟು ಹೇಳಿದ ಮೇಲೆ ಕಾಕು ದೊಡ್ಡ ಬ್ಲಫ್‌ಗಾತಿಯಾಗಿದ್ದಿರಬೇಕು ಅನ್ನಿಸಬಹುದು. ಅವರು ಬ್ಲಫ್ ಮಾಡುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಆಡಿದರೂ ಕೈಯಲ್ಲಿ ಎಲೆಯಿಲ್ಲದೆ ಪಣ ಏರಿಸಿದ್ದನ್ನು ನಾವು ಕಂಡಿರಲಿಲ್ಲ. ಎಲೆ ಬಾರದಿದ್ದರೆ ತಣ್ಣಗೆ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಹಾಗಾಗಿ ಕಾಕು ಏರಿಸಿದರೆಂದರೆ ನಾವು ತೆಪ್ಪಗೆ ಎಲೆ ಇಟ್ಟುಬಿಡುತ್ತಿದ್ದೆವು. ಒಂದೇ ಒಂದು ಸಲ ನಮ್ಮ ಲೆಕ್ಕ ತಪ್ಪಿತು. ಚತುರ್ಥಿಯ ಹಿಂದಿನ ವಾರ. ನಾನು ಆಟ ಬಿಟ್ಟಿದ್ದೆ, ಶೆಟ್ಟಿ ಮತ್ತು ಕಾಕು ಉಳಿದಿದ್ದರು. ಕಾಕು ಒಂದೂ ಎಲೆ ಬದಲಾಯಿಸಲಿಲ್ಲ. ಬದಲಾಯಿಸದಿದ್ದರೆ ಬಂದ ಐದೂ ಎಲೆ ಪಸಂದಾಗಿವೆ ಎಂದರ್ಥ. ಇದ್ದ ಪುಡಿಕೆಗಳನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದರು. ಶೆಟ್ಟಿ ಬೆವರೊರೆಸಿಕೊಂಡು, ಕೈಯಲ್ಲಿದ್ದ ಮೂರು ರಾಜರನ್ನು ಕೆಳಗಿಟ್ಟರು. ಅವರ ಬಳಿ ಉಳಿದಿದ್ದ ಒಂದೆರಡು ಪುಡಿಕೆಯೂ ಮುಂದಿನ ಆಟದಲ್ಲಿ ಹೋದವು. ಊರಿಗೆ ಹೋಗಲು ಟಿಕೆಟು ಕಾದಿರಿಸಿಟ್ಟುಕೊಂಡಿದ್ದ ಮನುಷ್ಯ, ಹಬ್ಬದ ದಿನ ಬೋರ್ಡಿನಲ್ಲಿ ಕೂತರು. ಹಬ್ಬವಾದ ಮರುದಿನ ಕಾಕು ಡಬ್ಬಿ ತುಂಬ ಕರಿಗಡುಬು ತಂದು ಅವರ ಮುಂದಿಟ್ಟು, ‘ಅವತ್ತ ನನ್ನ ಕಡೆ ಏನೂ ಇರಲಿಲ್ಲ ಶೆಟ್ರ’ ಎಂದರು. ಶೆಟ್ಟಿ ಕಡುಬು ಬಾಯಿಗಿಟ್ಟವರು ಹಾಗೇ ನಿಂತರು.

‘ಎಂತ ಕಾಕು, ಇಷ್ಟು ದಿವಸ ಮಾಡದವ್ರು ಅವತ್ತೇ ಯಾಕೆ ಮಾಡಿದ್ದು?’

‘ನನ್ನ ತಂಗಿ ಮಗಳು ಪುಣೆದಿಂದ ಬರಾಕಿದ್ಲು. ಹುಟ್ಟಿದ ಮ್ಯಾಲೆ ಪಸ್ಟ್ ಟೈಮ್ ನನ್ನ ಮನೀಗೆ ಹಬ್ಬಕ್ಕ. ಅಷ್ಟ ಬೇಕಾದಾಗ ಒಮ್ಮೆ ಮಾಡಬೇಕ್ರಿ. ಚಟಕ್ಕ ಮಾಡಿದ್ರ ಬೇಕಾದ ದಿನ ಯಾರ ನಂಬ್ತಾರ?’

ಶೆಟ್ಟಿಗೆ ಸಿಟ್ಟು ಬರಲಿಲ್ಲ. ಇನ್ನೆರಡು ಕಡುಬು ತಿಂದರು. ಬ್ಲಫ್ ಮಾಡುವುದು ಯಾವಾಗ ಎಂದು ಈಗ ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುತ್ತಾರೆ. ನನ್ನ ಕಾಲೇಜು ಓದುವ ಮಗ ಏನೇನೋ ಶೇಕಡಾವಾರು ಹೇಳುತ್ತಾನೆ. ನನಗೆ ಆ ಕಡುಬಿನ ಡಬ್ಬಿಯ ಮುಂದೆ ಕೇಳಿದ್ದಕ್ಕಿಂತ ಹೆಚ್ಚೇನೂ ಅದರಲ್ಲಿ ಕಾಣಲಿಲ್ಲ.

ಕಾಕು ಮತ್ತು ನಾನು, ಇಬ್ಬರ ಮನೆಯೂ ಮುಲುಂಡ್‌ನಲ್ಲಿ. ಬೆಳಗಿನ ಲೋಕಲ್‌ನಲ್ಲಿ ದಾದರ್‌ವರೆಗೆ ಬಂದು, ಸೇತುವೆ ದಾಟಿ ವೆಸ್ಟರ್ನ್ ಲೈನ್ ಹಿಡಿಯಬೇಕು. ಲೇಡೀಸ್ ಡಬ್ಬಿಯಲ್ಲಿ ಅವರ ಪಕ್ಕ ಕೂರುವುದೇ ಒಂದು ಮನರಂಜನೆ. ಕಣ್ಣು ಮುಚ್ಚಿಕೊಂಡಿರುತ್ತಿದ್ದರು, ನಿದ್ದೆ ಮಾತ್ರ ಮಾಡುತ್ತಿರಲಿಲ್ಲ. ಹಿಂದಿನ ಸೀಟಿನ ಹುಡುಗಿ ಫೋನಿನಲ್ಲಿ ಯಾರಿಗೋ ‘ಘಾಟ್ಕೋಪರ್‌ನಲ್ಲಿದ್ದೇನೆ, ಬಂದೇಬಿಟ್ಟೆ’ ಅನ್ನುವಾಗ ಗಾಡಿ ಇನ್ನೂ ಭಾಂಡುಪ್ ಬಿಟ್ಟಿರುವುದಿಲ್ಲ. ಕಾಕು ಕಣ್ಣು ತೆರೆಯದೆಯೇ, ‘ಅಕಿ ಅತ್ತೀಗೆ ಹೇಳಾಕತ್ತಿಲ್ಲ, ಗೆಳೆಯಾಗ ಹೇಳಾಕತ್ತಾಳ. ದನಿಯೊಳಗ ಅಂಜಿಕೀನ ಇಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಎರಡು ಸೀಟು ಆಚೆ ಸೀಟಿಗಾಗಿ ಜಗಳ ಹತ್ತಿಕೊಳ್ಳುವುದನ್ನು ಅದು ಹತ್ತಿಕೊಳ್ಳುವ ಮುಂಚೆಯೇ ಹೇಳುತ್ತಿದ್ದರು. ನಾನು ಮನೆಯಲ್ಲಿ ಅಪ್ಪನೊಂದಿಗೆ ಮುನಿಸಿಕೊಂಡು ಬಂದ ದಿನ, ‘ಗುಡ್ ಮಾರ್ನಿಂಗ್ ಕಾಕು’ ಎಂದರೆ ಸಾಕು, ಕೈಗೊಂದು ಶೇಂಗಾ ಉಂಡಿ ಬರುತ್ತಿತ್ತು. ನನ್ನಮ್ಮನಿಗೂ ನಾನು ಅಷ್ಟು ಬೇಗ ಅರ್ಥವಾಗುತ್ತಿರಲಿಲ್ಲ.

ಇದೆಲ್ಲ ಯಾವಾಗ ಬದಲಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಒಂದು ಮಧ್ಯಾಹ್ನ ಆಟದ ನಡುವೆ ತಲೆಯೆತ್ತಿದರೆ ಕಾಕು ನನ್ನನ್ನೇ ನೋಡುತ್ತಿದ್ದರು. ಫಲಕವನ್ನಲ್ಲ, ನನ್ನನ್ನು. ಕಣ್ಣನ್ನೂ ಅಲ್ಲ, ತುಟಿಯನ್ನು. ಅವತ್ತು ನಾನು ಏನೂ ಇಲ್ಲದೆ ಪಣ ಏರಿಸಿ ಗೆದ್ದೆ. ಕಾಕುವಿನ ಎದುರು ಗೆದ್ದೆನೆಂಬ ಸಂತೋಷ ಅರ್ಧ ಗಂಟೆ ಇತ್ತು. ಆಮೇಲೆ, ನನ್ನ ಸುಳ್ಳು ಅವರಿಗೆ ಕೇಳಿಸಲಿಲ್ಲವೇಕೆ ಎಂದು ಯೋಚಿಸತೊಡಗಿದೆ. ಮರುದಿನ ಬೋರ್ಡಿನಲ್ಲಿ, ಅವರ ಬೆನ್ನ ಹಿಂದೆ ನಿಂತು, ‘ಕಾಕೂ, ಚಹಾ ತರಲಾ?’ ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ಅವರು ಪರದೆ ನೋಡುತ್ತ ಹಾಗೇ ಕೂತಿದ್ದರು.

ಅಂದು ಸಂಜೆ ದಾದರ್ ಸೇತುವೆಯ ಮೇಲೆ, ಜನ ಎರಡೂ ಕಡೆಯಿಂದ ನೂಕುತ್ತಿರುವಾಗ, ಅವರನ್ನು ಕಂಬಿಯ ಬದಿಗೆ ಎಳೆದುಕೊಂಡು ಕೇಳಿದೆ. ಮುಖಕ್ಕೆ ಮುಖ ಕೊಟ್ಟು ಕೇಳಿದೆ.

‘ಕಾಕೂ, ನಿಮಗೆ ಕೇಳಿಸ್ತಾ ಇಲ್ಲ ಅಲ್ವಾ?’

ಅವರು ಸುಳ್ಳು ಹೇಳಲಿಲ್ಲ. ‘ಬಲಗಿವಿ ಪೂರಾ ಹೋಗೈತಿ. ಎಡಗಿವಿ ಅಷ್ಟಿಷ್ಟು ಐತಿ’ ಎಂದರು.

‘ಡಾಕ್ಟ್ರ ಹತ್ರ ಹೋಗಿದ್ರಾ?’

‘ಹೋಗೀನಿ. ಮಷಿನ್ ಹಾಕ್ಕೋರಿ ಅಂದ್ರು. ಮಷಿನ್ ಹಾಕ್ಕೊಂಡ ಆಪರೇಟರ್‌ನ ಯಾರ ಇಟ್ಕೋತಾರವಾ? ಅವತ್ತ ಮನೀಗೆ ಕಳಸ್ತಾರ. ರಿಟೈರ್ ಆಗಾಕ ಇನ್ನೆರಡು ವರ್ಷ ಐತಿ. ಮುಂದ ನನ್ನ ನೋಡೂರು ಯಾರದಾರ? ಹೆಂಗರ ಮಾಡಿ ಎರಡು ವರ್ಷ ನೂಕತೀನಿ. ನೀ ಯಾರಿಗೂ ಹೇಳಬ್ಯಾಡ.’

ಜೀವನದಲ್ಲಿ ಮೊದಲ ಸಲ ಅವರು ನನ್ನನ್ನು ಏನನ್ನೋ ಬೇಡಿದ್ದು. ನಾನು ಹೂಂ ಎಂದೆ.

ಅಲ್ಲಿಂದ ನಾವಿಬ್ಬರೂ ಸೇರಿ ಆಡತೊಡಗಿದೆವು. ಕಾಕು ತಮ್ಮ ಹೆಡ್‌ಸೆಟ್‌ನ ದನಿಯನ್ನು ಕೊನೆಯವರೆಗೂ ಏರಿಸಿಟ್ಟಿದ್ದರಿಂದ ಪಕ್ಕದ ಕುರ್ಚಿಯಲ್ಲಿದ್ದ ನನಗೂ ಅದು ಕೇಳಿಸುತ್ತಿತ್ತು. ಅವರು ತಡವರಿಸಿದರೆ ನಾನು ಮೇಜಿನ ಮೇಲೆ ಬೆರಳಾಡಿಸುತ್ತಿದ್ದೆ. ಒಂದು ಬೆರಳೆಂದರೆ ಊಟ ತಿಂಡಿ, ಎರಡೆಂದರೆ ರೂಮಿನ ಸ್ವಚ್ಛತೆ, ಅಂಗೈ ಪೂರ್ತಿ ಇಟ್ಟರೆ ಇನ್ನೊಮ್ಮೆ ಕೇಳಿ ಎಂದು. ನಿಜ ಹೇಳಬೇಕೆಂದರೆ ಅವರಿಗೆ ನನ್ನ ಬೆರಳು ಬೇಕಾಗುತ್ತಿದ್ದದ್ದೇ ಕಡಿಮೆ. ಬೆಳಗ್ಗೆ ಏಳರ ಫೋನು ಚಹಾಕ್ಕೆ, ಒಂಬತ್ತರದು ಇಸ್ತ್ರಿ ಅಂಗಿಗೆ, ಹನ್ನೊಂದರ ಹೊತ್ತಿನದು ಬಿಲ್ಲಿಗೆ ಎಂದು ಅವರಿಗೆ ಗೊತ್ತಿತ್ತು. ಉಳಿದದ್ದಕ್ಕೆ ಒಂದು ಮಾತಿತ್ತು. ‘ಸರ್ಟನ್ಲಿ ಸರ್, ರೈಟ್ ಅವೇ.’ ಅದನ್ನು ಅವರ ಮೊದಲನೆಯ ದನಿಯಲ್ಲಿ ಕೇಳಿದ ಯಾವ ಗೆಸ್ಟಿಗೂ ಅನುಮಾನ ಬರುತ್ತಿರಲಿಲ್ಲ. ಹಾಗೆಂದು ಒಬ್ಬ ಹುಡುಗನನ್ನು ರೂಮಿಗೆ ಕಳಿಸಿದರೆ, ಏನು ಬೇಕೆಂದು ಅವನೇ ಕೇಳಿಕೊಂಡು ಬರುತ್ತಿದ್ದ. ನನಗೆ ಮಾತ್ರ ವಾರದ ರಜೆಯ ದಿನ ಮನೆಯಲ್ಲಿ ಕೂತರೂ ಜೀವ ಬೋರ್ಡಿನಲ್ಲೇ.

ಹೀಗೆ ಒಂದು ವರ್ಷದ ಮೇಲಾಯಿತು. ಅಷ್ಟರಲ್ಲಿ ಫ್ರಂಟ್ ಆಫೀಸಿಗೆ ಹೊಸ ಮ್ಯಾನೇಜರ್ ಬಂದರು. ದಿಲ್ಲಿ ಕಡೆಯವರು, ಮೆತ್ತನೆಯ ಮನುಷ್ಯ, ಆದರೆ ಯಾವುದನ್ನೂ ಬಿಡುವವರಲ್ಲ. ತಾವು ಹೇಳಿದ್ದೊಂದು ಆಪರೇಟರ್ ಮಾಡಿದ್ದೊಂದು ಎಂದು ಗೆಸ್ಟುಗಳು ಅವರಲ್ಲಿ ದೂರಿದ್ದರು. ಮ್ಯಾನೇಜರ್ ಆಗಾಗ ಬಂದು ನಮ್ಮ ಬೆನ್ನ ಹಿಂದೆ ಸುಮ್ಮನೆ ನಿಲ್ಲತೊಡಗಿದರು. ಕಾಕು ಅವರ ನೆರಳು ಪರದೆಯಲ್ಲಿ ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಆ ದಿನ ಬೆಳಗಿನಿಂದ ಜಡಿಮಳೆ. ಕುರ್ಲಾದಲ್ಲಿ ಹಳಿಯ ಮೇಲೆ ನೀರು. ಕಾಕು ಮತ್ತು ನಾನು ಹೇಗೋ ಮೊದಲ ಗಾಡಿಯಲ್ಲಿ ಬಂದು ಬಿದ್ದಿದ್ದೆವು. ಶೆಟ್ಟಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ವಿಮಾನಗಳು ಹೊರಡದೆ ಹೋಟೆಲ್ ತುಂಬಿ ತುಳುಕುತ್ತಿತ್ತು. ಮೂವರ ಕೆಲಸ ಇಬ್ಬರ ಮೇಲೆ. ಹನ್ನೊಂದರ ಹೊತ್ತಿಗೆ ಮ್ಯಾನೇಜರ್ ಬಂದು ನಿಂತರು. ನಾನು ಒಂದು ವಿಮಾನ ಕಂಪನಿಯವರೊಂದಿಗೆ ಹೊರಗಿನ ಲೈನಿನಲ್ಲಿ ಮಾತಾಡುತ್ತಿದ್ದೆ. ಕಾಕುವಿನ ಪರದೆಯಲ್ಲಿ ನಾಲ್ಕನೇ ಮಹಡಿಯ ಒಂದು ರೂಮ್ ನಂಬರು ಬೆಳಗಿತು. ಅವರು ಎತ್ತಿಕೊಂಡು ನಮಸ್ಕಾರ ಹೇಳಿದರು. ಆಮೇಲೆ ಸುಮ್ಮನಾದರು.

ನಾನು ಕಣ್ಣಂಚಿನಲ್ಲಿ ನೋಡಿದೆ. ಅವರ ಹೆಡ್‌ಸೆಟ್‌ನಿಂದ ನನಗೆ ಏನೂ ಕೇಳಿಸುತ್ತಿರಲಿಲ್ಲ. ಅಷ್ಟು ಕ್ಷೀಣವಾದ ಯಾವುದೋ ದನಿ. ಮೇಜಿನ ಮೇಲೆ ಇಡಲು ನನ್ನ ಬಳಿ ಬೆರಳಿರಲಿಲ್ಲ. ಕಾಕು ಹೆಡ್‌ಸೆಟ್ಟನ್ನು ಎಡಗಿವಿಗೆ ಒತ್ತಿ ಹಿಡಿದರು. ಹನ್ನೊಂದರ ಫೋನು ಬಿಲ್ಲಿಗೆ. ರೂಮ್ ನಂಬರು ಕಣ್ಣ ಮುಂದಿತ್ತು. ಹಿಂದೆ ಮ್ಯಾನೇಜರ್ ಇದ್ದರು. ‘ಸರ್ಟನ್ಲಿ ಸರ್, ರೈಟ್ ಅವೇ’ ಎಂದುಬಿಟ್ಟರೆ ಆಗಿತ್ತು. ಅವರ ತುಟಿ ತೆರೆದದ್ದನ್ನು ನಾನು ನೋಡಿದೆ, ಹಾಗೇ ಮುಚ್ಚಿದ್ದನ್ನೂ ನೋಡಿದೆ.

ಹೆಡ್‌ಸೆಟ್ ಕಿತ್ತು ನನ್ನ ಕಡೆ ಚಾಚಿದರು. ‘ತಂಗಿ, ಹಿಡಿ. ನನಗ ಕೇಳಸವಲ್ತು’ ಎಂದರು. ಅದೂ ಕೋಣೆಗೆಲ್ಲ ಕೇಳುವ ಹಾಗೆ, ಗದಗದ ದನಿಯಲ್ಲಿ.

ನಾನು ನನ್ನದನ್ನು ಎಸೆದು ಅವರದನ್ನು ಹಾಕಿಕೊಂಡೆ. ಒಬ್ಬ ವಯಸ್ಸಾದ ಗಂಡಸು, ಒಂದೊಂದು ಪದಕ್ಕೂ ಏದುಸಿರು. ಬಾತ್‌ರೂಮಿನ ನೆಲದ ಮೇಲೆ ಬಿದ್ದಿದ್ದೇನೆ, ಉಸಿರು ಸಿಗುತ್ತಿಲ್ಲ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ ಎಂದರು. ಎರಡನೇ ಸಲ ಹೇಳುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಾನು ಕೂಗಿ ಹೇಳಿದೆ. ಮ್ಯಾನೇಜರ್ ಓಡಿದರು. ಚಿಲಕ ಒಡೆಯುವ ಸಾಮಾನು ಹಿಡಿದ ಎಂಜಿನಿಯರ್, ಹೋಟೆಲಿನ ಡಾಕ್ಟರು, ಸೆಕ್ಯುರಿಟಿಯವರು ಒಟ್ಟಿಗೇ ಹೋದರು. ಸುಮ್ಮನೆ ಒಬ್ಬ ಹುಡುಗನನ್ನು ಬಿಲ್ಲು ಕೊಟ್ಟು ಕಳಿಸಿದ್ದರೆ ಅವನು ಎರಡು ಸಲ ಬೆಲ್ ಒತ್ತಿ, ಗೆಸ್ಟ್ ಮಲಗಿದ್ದಾರೆ ಎಂದು ವಾಪಸು ಬರುತ್ತಿದ್ದ.

ಮ್ಯಾನೇಜರ್ ತಿರುಗಿ ಬಂದಾಗ ಅವರ ಕೋಟು ಬೆವರಿನಿಂದ ಒದ್ದೆಯಾಗಿತ್ತು. ಆ ಮುದುಕರಿಗೆ ಉಸಿರಾಟ ಬಂದಿತ್ತು, ಆಸ್ಪತ್ರೆಗೆ ಸಾಗಿಸಿದ್ದರು. ಕಾಕು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಮೊದಲೇ ಬಾಯಿ ಹಾಕಿದೆ. ‘ಸರ್, ಉನ್ಕಾ ಹೆಡ್‌ಸೆಟ್ ಖರಾಬ್ ಹೈ,’ ಅವರ ಹೆಡ್‌ಸೆಟ್ ಕೆಟ್ಟಿದೆ ಎಂದೆ. ಬಿಸಿ ಪಾತ್ರೆ ಇಳಿಸಿದಂತೆ ಹೇಳಿದೆನೇನೋ.

ಕಾಕು ನನ್ನ ತುಟಿ ನೋಡಿ ತಲೆಯಲ್ಲಾಡಿಸಿದರು. ‘ನಹೀ ಸರ್. ಹೆಡ್‌ಸೆಟ್ ಅಚ್ಛಾ ಹೈ. ಮೇರಾ ಕಾನ್ ಗಯಾ. ಏಕ್ ಸಾಲ್ ಸೇ ಊಪರ್ ಹುವಾ.’ ಕಿವಿ ಹೋಗಿ ವರ್ಷದ ಮೇಲಾಯಿತು ಎಂದು ತಾವೇ ಹೇಳಿಬಿಟ್ಟರು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. ‘ಆಪ್ ತೋ ರೋಜ್ ಬಗಲ್ ಮೇ ಬೈಠತೀ ಹೈ. ಆಪ್‌ಕೋ ಪತಾ ಥಾ?’

ಗೊತ್ತಿತ್ತು ಎಂದರೆ ನನ್ನ ಕಾಂಟ್ರಾಕ್ಟ್ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಮತ್ತೆ ಬರೆಯಬೇಕಾದ ತಿಂಗಳೇ ಅದು. ನಾನು ಏನನ್ನಾದರೂ ಹೇಳುವ ಮೊದಲೇ ಕಾಕು ನಕ್ಕರು. ನಿಜವಾಗಿ ನಕ್ಕರು.

‘ಇಸ್ಕೋ ಕುಛ್ ನಹೀ ಮಾಲೂಮ್, ಸರ್. ಇತ್ನೇ ದಿನ್ ಬಾಜೂ ಮೇ ಬೈಠೀ, ಇಸ್ಕೋ ಭೀ ಬುದ್ಧೂ ಬನಾಯಾ ಮೈನೇ.’

ನನಗೇನೂ ಗೊತ್ತಿಲ್ಲವಂತೆ, ನನ್ನನ್ನೂ ಅವರು ಪೆದ್ದಿ ಮಾಡಿದ್ದರಂತೆ! ಅಷ್ಟು ವರ್ಷ ಅವರ ಪಕ್ಕ ಕೂತು ಕಿವಿ ಪಳಗಿಸಿಕೊಂಡವಳು ನಾನು. ಆ ಮಾತಿನಲ್ಲಿ ಎಲ್ಲಾದರೂ ಒಂದೆಳೆ ಅವಸರ, ಒಂದೆಳೆ ನಡುಕ ಸಿಗಬೇಕಿತ್ತು. ಸಿಗಲಿಲ್ಲ. ಒಂದು ಕ್ಷಣ ನಾನೇ ನಂಬಿಬಿಟ್ಟೆ. ಮ್ಯಾನೇಜರ್ ನಂಬದೆ ಏನು ಮಾಡುತ್ತಾರೆ? ತನ್ನ ಕೆಲಸ ಹೋಗುವಂಥ ನಿಜವನ್ನು ಆಗಷ್ಟೇ ತಾನಾಗಿ ಹೇಳಿದ ಹೆಂಗಸು, ಅದರ ಮರುಕ್ಷಣವೇ ಸುಳ್ಳು ಹೇಳುತ್ತಾಳೆಂದು ಯಾರಿಗೆ ಅನ್ನಿಸೀತು?

ಆ ಸಂಜೆ ಗಾಡಿಗಳು ಶುರುವಾದ ಮೇಲೆ ದಾದರ್ ಪ್ಲಾಟ್‌ಫಾರ್ಮಿನಲ್ಲಿ ನಿಂತು ನಾನು ಅತ್ತೆ. ಜನ ನೋಡುತ್ತಿದ್ದರು, ನೋಡಲಿ.

‘ಸುಮ್ಮನೆ ರೈಟ್ ಅವೇ ಅಂದುಬಿಡಬಾರದಿತ್ತಾ ಕಾಕೂ? ಇನ್ನೇನು ಕೆಲವೇ ತಿಂಗಳಿತ್ತು.’

‘ನನ್ನ ನೌಕರಿ ಇಟ್ಟು ನಾ ಎಷ್ಟರ ಆಡಬಹುದು ತಂಗಿ. ಅಷ್ಟು ಸಣ್ಣ ದನಿ ಬಿಲ್ಲು ಕೇಳೂ ದನಿ ಅಲ್ಲ. ಅಲ್ಲಿ ಪಣಕ್ಕ ಕಟ್ಟಿದ್ದು ನಂದಾಗಿರಲಿಲ್ಲ. ಆ ಮನಿಶ್ಯಾನ ಜೀವ ಇತ್ತು.’

‘ಮತ್ತೆ ನನ್ನ ಬಗ್ಗೆ ಯಾಕೆ ಹಾಗೆ ಹೇಳಿದ್ರಿ?’

‘ಆ ಪಣ ನಂದು’ ಎಂದರು. ಗಾಡಿ ಬಂತು, ಹತ್ತಿದೆವು.

ಹೋಟೆಲಿನವರು ಅವರನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಬಟ್ಟೆ ಚಾದರ ಜೋಡಿಸುವ ಲಿನನ್ ರೂಮಿನಲ್ಲಿ ಉಳಿದ ತಿಂಗಳುಗಳನ್ನು ಕಳೆಯಿರಿ ಎಂದರು. ಕಾಕು ಒಪ್ಪಲಿಲ್ಲ. ‘ಮಾತ ಇಲ್ಲದ ಖೋಲ್ಯಾಗ ನಾ ಏನ ಮಾಡಲಿ’ ಎಂದು ನಿಯಮದ ಪ್ರಕಾರ ಬರುವುದನ್ನಷ್ಟು ತೆಗೆದುಕೊಂಡು ಮನೆಗೆ ಹೋದರು. ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಮಾಡಿ ಸೊಸೈಟಿಯವರಿಗೆಲ್ಲ ಕೊಡುತ್ತ ಬದುಕಿದರು. ಕಿವಿಗೆ ಮಷಿನ್ ಬಂತು. ಅದು ಗುಂಯ್‌ಗುಟ್ಟುತ್ತದೆಂದು ಬಯ್ಯುತ್ತ, ನಾನು ಹೋದಾಗ ಮಾತ್ರ ಹಾಕಿಕೊಳ್ಳುತ್ತಿದ್ದರು. ನನ್ನ ಕೆಲಸ ಮುಂದೆ ಪರ್ಮನೆಂಟ್ ಆಯಿತು. ಅಪ್ಪನ ಕೊನೆಯ ದಿನಗಳು ಅದರಿಂದಲೇ ನಡೆದವು, ನನ್ನ ಮದುವೆಯೂ. ಈಗ ಬೋರ್ಡಿನ ಜವಾಬ್ದಾರಿ ನನ್ನದು. ಅವರಿಗೆ ಕೃತಜ್ಞತೆ ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಅವರು ಮಷಿನ್ ಕಿತ್ತಿಟ್ಟು, ‘ಏನೋ ಕೇಳಸವಲ್ತು’ ಎನ್ನುತ್ತಿದ್ದರು.

ಕಾಕು ತೀರಿಕೊಂಡ ಹನ್ನೊಂದನೆಯ ದಿನಕ್ಕೆ ಮುಲುಂಡ್‌ನ ಅವರ ಮನೆಗೆ ಹೋದೆ. ಪುಣೆಯ ತಂಗಿಮಗಳು ಬಂದಿದ್ದಳು. ಈಗ ಅವಳೇ ಎರಡು ಮಕ್ಕಳ ತಾಯಿ. ಅವಳ ಕನ್ನಡ ಒಂದೊಂದು ಪದಕ್ಕೂ ನಿಂತು ಉಸಿರು ತೆಗೆದುಕೊಳ್ಳುವಂಥದ್ದು. ನಾನು ಯಾರೆಂದು ಹೇಳಿದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡಳು.

‘ನೀವು... ಬೋರ್ಡ್‌ವಾಲೀ ತಂಗಿ, ನಾ? ಮೌಶಿ ನಿಮ್ಮದು ಬಹುತ್ ಹೇಳ್ತಿತ್ತು. ಕಿವಿದು... ಆ ಮ್ಯಾಟರ್ ಆಯ್ತಲ್ಲ, ಯಾವಾಗ್ಲೂ ಹೇಳೂದು. ಆ ಹುಡುಗಿ ಬಿಚಾರಿ, ಅವಳಿಗೆ ಏನೂ ಗೊತ್ತಿರಲಿಲ್ಲ, ಅವಳಿಗೂ ನಾ ಫಸವ್‌ಲಂ, ಚೀಟ್ ಮಾಡಿದೆ ಅಂತ. ಲಾಸ್ಟ್ ವೀಕ್ ಹಾಸ್ಪಿಟಲ್‌ನಲ್ಲಿ ಭೀ ಹೇಳಿದ್ರು.’

ಅವಳ ಕೈಯೊಳಗೆ ನನ್ನ ಕೈಗಳು ಹಾಗೇ ಇದ್ದವು. ಅಷ್ಟು ವರ್ಷ, ತಮ್ಮ ಮನೆಯೊಳಗೆ, ತಮ್ಮ ರಕ್ತದವರ ಮುಂದೆಯೂ ಕಾಕು ಆ ಎಲೆಯನ್ನು ತೋರಿಸಿರಲಿಲ್ಲ. ಇನ್ನು ಅದನ್ನು ತೋರಿಸಬಲ್ಲವಳು ನಾನೊಬ್ಬಳೇ. ಹೂಂ ಎಂದು ಕಣ್ಣೊರೆಸಿಕೊಂಡು, ಕೊಟ್ಟ ಊಟ ಮಾಡಿ ಎದ್ದು ಬರಬಹುದಿತ್ತು.

‘ನನಗೆ ಗೊತ್ತಿತ್ತು’ ಎಂದೆ. ‘ಮೊದಲಿನಿಂದಲೂ ಗೊತ್ತಿತ್ತು. ನಾವಿಬ್ಬರೂ ಸೇರಿಯೇ ಆಡಿದ್ದು.’

ಅವಳಿಗೆ ನನ್ನ ಕನ್ನಡ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಪಕ್ಕಕ್ಕೆ ಕೂರಿಸಿಕೊಂಡು, ಮರಾಠಿ ಹಿಂದಿ ಎರಡನ್ನೂ ಬೆರೆಸಿ, ಮೊದಲಿನಿಂದ ಹೇಳತೊಡಗಿದೆ.